ಬಹುಮಾನದ ಲೆಕ್ಕದಲ್ಲಿ ಕೊನೆಯ ಸಾಲಿನ ಮಗು

ಶಾಲೆಯೊಂದನ್ನು ಬಹುಮಾನಕ್ಕೆ ಶಿಫಾರಸು ಮಾಡುವ ಮೊದಲು ನಾನು ಎರಡನೇ ತರಗತಿಯ ಮಗುವೊಂದನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರದೇ ಪಠ್ಯಪುಸ್ತಕವನ್ನು ಓದಲು ಹೇಳುತ್ತೇನೆ. ಮಗು ಓದುವಾಗ ಅದರ ಬೆರಳಿನ ಮೇಲೆ ಕಣ್ಣಿಟ್ಟಿರುತ್ತೇನೆ. ಒಮ್ಮೆ ಹೀಗೆ ಕುಳಿತಿದ್ದಾಗ ಹುಡುಗಿಯೊಬ್ಬಳು ಇಡೀ ಪುಟವನ್ನು ಎಲ್ಲೂ ತಡವರಿಸದೆ ರಾಗವಾಗಿ ಓದಿ ಮುಗಿಸಿದಳು. ಅವಳ ಬಾಯಿ ಪುಟದ ಕೊನೆ ಮುಟ್ಟಿದಾಗ ಬೆರಳು ಇನ್ನೂ ಮೂರು ಸಾಲು ಹಿಂದಿತ್ತು. ಪುಟದ ನಡುವಿನ ಒಂದು ಪದವನ್ನು ಮಾತ್ರ ಬಿಟ್ಟು ಸುತ್ತಲೂ ಕಾಗದ ಮುಚ್ಚಿ, ಇದೇನು ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಮೊದಲ ಸಾಲಿನಿಂದ ತುಟಿಯೊಳಗೇ ಹೇಳಿಕೊಳ್ಳುತ್ತಾ ಬಂದು, ಆ ಪದ ಬರುವ ಜಾಗವನ್ನು ಅಂದಾಜು ಮಾಡಿ ಉತ್ತರ ಕೊಟ್ಟಳು. ಅದು ಪಕ್ಕದ ಪದವಾಗಿತ್ತು.

ಆ ಶಾಲೆ ಓದು ಮತ್ತು ಲೆಕ್ಕದ ಸಾಧನೆಗಾಗಿ ಅಂತಿಮ ಪಟ್ಟಿಯಲ್ಲಿತ್ತು. ಅಂಕಗಳಲ್ಲಿ ಯಾವ ಮೋಸವೂ ಇರಲಿಲ್ಲ. ಪರೀಕ್ಷೆಯಲ್ಲಿ ಪಠ್ಯದ್ದೇ ಪುಟ ಕೊಟ್ಟಿದ್ದರು, ಮಕ್ಕಳು ಅದನ್ನು ಹೇಳಿದ್ದರು. ಇಷ್ಟೊಂದು ಉದ್ದದ ಪಾಠವನ್ನು ಬಾಯಿಪಾಠ ಮಾಡಿದ ಆ ಮಗುವಿನ ಬುದ್ಧಿಗೆ ನಾನು ತಲೆಬಾಗುತ್ತೇನೆ. ಅಂಥ ಮಗುವಿಗೆ ಅಕ್ಷರ ಕೂಡಿಸುವುದನ್ನು ಕಲಿಸಲು ಬೇಕಾದ ಸಮಯ ಪುಟ ಉರುಹೊಡೆಸುವುದರಲ್ಲಿ ಹೋಯಿತಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ಒಳ್ಳೆಯ ಫಲಿತಾಂಶ ತಂದ ಶಾಲೆಗೆ ಬಹುಮಾನ ಕೊಡುವುದನ್ನು ನಾನು ವಿರೋಧಿಸುವುದಿಲ್ಲ. ಮೊದಲ ಮೂರು ತರಗತಿಗಳಲ್ಲಿ ಓದು ಕಲಿಸುವುದು ಶಾಲೆಯ ಕೆಲಸಗಳಲ್ಲೆಲ್ಲ ಕಠಿಣವಾದದ್ದು. ಆದರೆ ಯಾರ ಕಣ್ಣಿಗೂ ಬೀಳದ್ದೂ ಅದೇ. ಹತ್ತನೇ ತರಗತಿಯ ಫಲಿತಾಂಶಕ್ಕೆ ಹೂಮಾಲೆ ಬೀಳುತ್ತದೆ, ಒಂದನೇ ತರಗತಿಯಲ್ಲಿ ಅಕ್ಷರ ಕಲಿಸಿದವರ ಹೆಸರು ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಗೌರವ ಸಲ್ಲಲಿ. ಆದರೆ ಬಹುಮಾನದ ನಿಯಮ ಬರೆಯುವವರು ಒಂದು ವಿಷಯವನ್ನು ಮರೆಯಬಾರದು: ಯಾವ ಮಗುವಿನ ಕಲಿಕೆ ಲೆಕ್ಕಕ್ಕೆ ಬರುತ್ತದೆ, ಯಾವುದರದು ಬರುವುದಿಲ್ಲ ಎಂಬುದನ್ನು ಆ ನಿಯಮವೇ ಶಾಲೆಗೆ ಹೇಳಿಕೊಡುತ್ತದೆ. ಶಿಕ್ಷಕರು ಅದನ್ನು ಬಹಳ ಬೇಗ ಓದಿಕೊಳ್ಳುತ್ತಾರೆ.

ಇದು ಹೊಸ ಪಾಠವೇನೂ ಅಲ್ಲ. 1862ರಲ್ಲಿ ಇಂಗ್ಲೆಂಡ್ ತನ್ನ ಶಾಲಾ ಅನುದಾನವನ್ನು ಮಕ್ಕಳ ಫಲಿತಾಂಶಕ್ಕೆ ಕಟ್ಟಿಹಾಕಿತು. ಇನ್‌ಸ್ಪೆಕ್ಟರ್ ವರ್ಷಕ್ಕೊಮ್ಮೆ ಬಂದು ಪ್ರತಿ ಮಗುವಿನ ಓದು, ಬರಹ, ಲೆಕ್ಕವನ್ನು ಪರೀಕ್ಷಿಸಬೇಕು. ಒಂದೊಂದು ವಿಷಯದಲ್ಲಿ ಮಗು ಸೋತರೂ ಶಾಲೆಗೆ 2 ಶಿಲಿಂಗ್ 8 ಪೆನ್ಸ್ ಖೋತಾ. ಕವಿ ಮ್ಯಾಥ್ಯೂ ಅರ್ನಾಲ್ಡ್ ಆಗ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದರು. ಮಕ್ಕಳು ಪರೀಕ್ಷೆಗೆ ಗೊತ್ತುಮಾಡಿದ ಪುಸ್ತಕವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಬೇರೆ ಪುಸ್ತಕ ಕೊಟ್ಟರೆ ಓದಲಾರರು ಎಂದು ಅವರು ತಮ್ಮ ವರದಿಗಳಲ್ಲಿ ಎಚ್ಚರಿಸಿದರು. ಆ ಪದ್ಧತಿ ಕೈಬಿಟ್ಟದ್ದು 1890ರ ದಶಕದಲ್ಲಿ. ನನ್ನ ಪಕ್ಕದಲ್ಲಿ ಕುಳಿತ ಹುಡುಗಿಗೂ ಅರ್ನಾಲ್ಡ್ ಕಂಡ ಮಕ್ಕಳಿಗೂ ನಡುವೆ ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ, ಕಥೆ ಮಾತ್ರ ಒಂದೇ.

ಪರೀಕ್ಷೆಯ ಪುಟ ಮಗುವಿಗೆ ಹೊಸದಾಗಿರಬೇಕು ಎಂಬುದು ಇದಕ್ಕೆ ಮೊದಲ ಮದ್ದು. ಕಷ್ಟದ ಮಟ್ಟ ಪಠ್ಯದ್ದೇ ಇರಲಿ, ವಾಕ್ಯಗಳು ಬೇರೆ ಇರಲಿ. ಪ್ರತಿ ವರ್ಷ ಬದಲಾಗಲಿ. ಓದಿಸಿದ ಮೇಲೆ ಎರಡು ಪ್ರಶ್ನೆ ಕೇಳಿ, ಅರ್ಥವಾಗಿದೆಯೇ ನೋಡಬೇಕು. ಲೆಕ್ಕಕ್ಕೂ ಇದೇ ಮಾತು. 52ರಲ್ಲಿ 27 ಕಳೆ ಎಂದರೆ ಅನೇಕ ಮಕ್ಕಳು 35 ಎಂದು ಬರೆಯುತ್ತಾರೆ. ಐದರಲ್ಲಿ ಎರಡು ಹೋದರೆ ಮೂರು. ಎರಡರಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಏಳರಲ್ಲಿ ಎರಡು ಕಳೆದು ಐದು. ಆ ಮಗುವಿನ ಮನಸ್ಸಿನಲ್ಲಿ ಸ್ಪಷ್ಟವಾದ ನಿಯಮವೇ ಇದೆ, ಅದು ತಪ್ಪು ನಿಯಮ ಅಷ್ಟೆ. ಅದೇ ಮಗು 58ರಲ್ಲಿ 27 ಕಳೆದು 31 ಎಂದು ಸರಿಯಾಗಿ ಬರೆಯುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಎರಡನೆಯ ಬಗೆಯ ಲೆಕ್ಕಗಳೇ ತುಂಬಿದ್ದರೆ ಶಾಲೆಯ ಫಲಿತಾಂಶ ನೂರಕ್ಕೆ ತೊಂಬತ್ತು ಬಂದೀತು, ದಶಕ ಬಿಡಿಸುವುದು ಮಾತ್ರ ಒಂದು ಮಗುವಿಗೂ ಬಂದಿರುವುದಿಲ್ಲ.

ಇನ್ನು ಫಲಿತಾಂಶವನ್ನು ಎಣಿಸುವ ರೀತಿ. ನನ್ನ ಕೆಲಸದಲ್ಲಿ ಅತಿ ಹೆಚ್ಚು ಜಗಳವಾಗಿರುವುದು ಇದರ ಮೇಲೆಯೇ.

ಸಾಮಾನ್ಯವಾಗಿ ಒಂದು ಗೆರೆ ಎಳೆಯುತ್ತಾರೆ. ನೂರಕ್ಕೆ ನಲವತ್ತು ಎನ್ನಿ. ಅದನ್ನು ದಾಟಿದ ಮಕ್ಕಳ ಪ್ರಮಾಣವೇ ಶಾಲೆಯ ಸಾಧನೆ. ಈಗ ಮೂವತ್ತು ಮಕ್ಕಳಿರುವ ತರಗತಿಯ ಶಿಕ್ಷಕಿಯ ಜಾಗದಲ್ಲಿ ನಿಂತು ನೋಡಿ. ಐದು ಮಕ್ಕಳು 35ರಿಂದ 39ರ ನಡುವೆ ಇದ್ದಾರೆ, ನಾಲ್ಕು ಮಕ್ಕಳು ಹತ್ತರ ಕೆಳಗಿದ್ದಾರೆ. ಸಂಜೆ ಒಂದು ಗಂಟೆ ಹೆಚ್ಚುವರಿ ಪಾಠಕ್ಕೆ ಯಾರನ್ನು ಕೂರಿಸಿಕೊಳ್ಳುತ್ತೀರಿ? ಹತ್ತರಿಂದ ಮೂವತ್ತಕ್ಕೆ ಏರಿದ ಮಗುವಿನ ವರ್ಷವಿಡೀ ಶ್ರಮ ಈ ಎಣಿಕೆಯಲ್ಲಿ ಸೊನ್ನೆ. 38ರಿಂದ 41ಕ್ಕೆ ಬಂದ ಮಗು ಒಂದು ಗೆಲುವು. ಅಮೆರಿಕದಲ್ಲಿ ‘ಯಾವ ಮಗುವೂ ಹಿಂದುಳಿಯಬಾರದು’ ಎಂಬ ಹೆಸರಿನ ಕಾನೂನಿಗೆ 2002ರ ಜನವರಿಯಲ್ಲಿ ಅಂಕಿತ ಬಿತ್ತು. ಗೆರೆ ದಾಟಿದವರ ಪ್ರಮಾಣವೇ ಅದರ ತಳಹದಿಯಾಗಿತ್ತು. ಅರ್ಥಶಾಸ್ತ್ರಜ್ಞರಾದ ಡೆರೆಕ್ ನೀಲ್ ಮತ್ತು ಡಯೇನ್ ಶಾನ್ಜೆನ್‌ಬಾಕ್ ಶಿಕಾಗೊ ನಗರದ ಅಂಕಗಳನ್ನು ಬಿಡಿಸಿ ನೋಡಿದಾಗ, ನಡುಮಟ್ಟದ ಮಕ್ಕಳು ಮೇಲೇರಿದ್ದರು, ತೀರಾ ಕೆಳಗಿನ ಮಕ್ಕಳಿಗೆ ಏನೂ ದಕ್ಕಿರಲಿಲ್ಲ. ಕಾನೂನಿನ ಹೆಸರಿನಲ್ಲಿದ್ದ ಮಗುವೇ ಹಿಂದೆ ಉಳಿಯಿತು.

ನಾನು ಒಪ್ಪುವ ಎಣಿಕೆ ಬೇರೆ. ಓದನ್ನು ಹಂತಗಳಾಗಿ ನೋಡಿ: ಅಕ್ಷರ ಗುರುತಿಸುವುದು, ಪದ, ವಾಕ್ಯ, ಸಣ್ಣ ಪ್ಯಾರಾ, ಒಂದು ಕಥೆ. ಗ್ರಾಮೀಣ ಭಾರತದ ಮಕ್ಕಳ ಓದು, ಲೆಕ್ಕವನ್ನು ನೋಡಲು 2005ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆ ಹೆಚ್ಚು ಕಡಿಮೆ ಇಂಥ ಹಂತಗಳಲ್ಲಿಯೇ ಮಗುವನ್ನು ಎದುರಿಗೆ ಕೂರಿಸಿಕೊಂಡು ಅಳೆಯುತ್ತದೆ. ವರ್ಷದ ಆರಂಭದಲ್ಲಿ ಮಗು ಯಾವ ಹಂತದಲ್ಲಿತ್ತು, ಕೊನೆಯಲ್ಲಿ ಎಲ್ಲಿದೆ ಎಂದು ಬರೆದುಕೊಳ್ಳಿ. ಏರಿದ ಪ್ರತಿ ಹಂತಕ್ಕೂ ಅಂಕ ಕೊಡಿ, ಕೆಳಗಿನ ಹಂತಗಳ ಏರಿಕೆಗೆ ಹೆಚ್ಚು ಕೊಡಿ. ಆಗ ವರ್ಷದ ಮೊದಲಲ್ಲಿ ಹತ್ತರಲ್ಲಿ ಎಂಟು ಮಕ್ಕಳು ಕಥೆ ಓದುತ್ತಿದ್ದು ಕೊನೆಗೂ ಎಂಟೇ ಉಳಿದ ಶಾಲೆಗಿಂತ, ಎರಡರಿಂದ ಐದಕ್ಕೆ ತಂದ ಶಾಲೆ ಮೇಲೆ ನಿಲ್ಲುತ್ತದೆ. ಮೊದಲನೆಯ ಶಾಲೆಯ ಮಕ್ಕಳಲ್ಲಿ ಅನೇಕರಿಗೆ ಓದು ಮನೆಯಿಂದಲೇ ಬಂದಿರಬಹುದು. ಬಹುಮಾನ ಕೊಡಬೇಕಾದದ್ದು ಶಾಲೆ ಮಾಡಿದ ಕೆಲಸಕ್ಕೆ.

ಇದಕ್ಕಿಂತ ಸೂಕ್ಷ್ಮವಾದ ಸೂತ್ರವೂ ಇದೆ. ಆರಂಭದಲ್ಲಿ ಒಂದೇ ಮಟ್ಟದಲ್ಲಿದ್ದ ಮಕ್ಕಳನ್ನು ಮಾತ್ರ ಪರಸ್ಪರ ಹೋಲಿಸಿ, ಅವರಲ್ಲಿ ಯಾರು ಎಷ್ಟು ಮುಂದೆ ಬಂದರು ಎಂಬುದರ ಮೇಲೆ ಶಿಕ್ಷಕರಿಗೆ ಪ್ರೋತ್ಸಾಹಧನ ಕೊಡುವುದು. ಕಾಗದದ ಮೇಲೆ ಅದು ಬಹಳ ನ್ಯಾಯವಾದದ್ದು. ಆದರೆ ಟಾಂಜಾನಿಯಾದಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪ್ರಯೋಗ ಮಾಡಿದಾಗ, ಸರಳವಾದ ಹಂತದ ಪದ್ಧತಿ ಫಲಿತಾಂಶದಲ್ಲಿ ಅದಕ್ಕಿಂತ ಕಡಿಮೆಯೇನೂ ಆಗಲಿಲ್ಲ. ನನಗೆ ಇದು ಆಶ್ಚರ್ಯ ತರಲಿಲ್ಲ. ತನ್ನ ತರಗತಿಯ ಯಾವ ಮಗುವಿಗೆ ಏನು ಬಂದರೆ ಅದು ಲೆಕ್ಕಕ್ಕೆ ಸೇರುತ್ತದೆ ಎಂಬುದು ಶಿಕ್ಷಕಿಗೆ ಬೆಳಿಗ್ಗೆ ಪಾಠಕ್ಕೆ ನಿಲ್ಲುವಾಗಲೇ ಗೊತ್ತಿರಬೇಕು.

ಚಿಕ್ಕ ಶಾಲೆಗಳ ವಿಚಾರದಲ್ಲಿ ಸಮಿತಿಗಳು ಪದೇ ಪದೇ ಎಡವುತ್ತವೆ. ಒಂದು ತರಗತಿಯಲ್ಲಿ ಹನ್ನೆರಡು ಮಕ್ಕಳಿದ್ದರೆ ಒಂದೊಂದು ಮಗುವೂ ಶೇಕಡಾ ಎಂಟಕ್ಕಿಂತ ಹೆಚ್ಚು ತೂಗುತ್ತದೆ. ಪರೀಕ್ಷೆಯ ದಿನ ಇಬ್ಬರಿಗೆ ಜ್ವರ ಬಂದರೆ ಶಾಲೆ ಪಟ್ಟಿಯ ತಳಕ್ಕೆ ಹೋಗುತ್ತದೆ. ಆ ವರ್ಷ ಮೂರು ಚುರುಕು ಮಕ್ಕಳು ಸೇರಿದರೆ ತುದಿಗೆ ಏರುತ್ತದೆ. ಅರ್ಥಶಾಸ್ತ್ರಜ್ಞರಾದ ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ ಅಮೆರಿಕದ ಉತ್ತರ ಕ್ಯಾರೊಲಿನಾದ ಶಾಲೆಗಳ ಅಂಕಗಳನ್ನು ಪರಿಶೀಲಿಸಿ 2002ರಲ್ಲಿ ಇದನ್ನೇ ತೋರಿಸಿದರು: ಪಟ್ಟಿಯ ಎರಡೂ ತುದಿಗಳಲ್ಲಿ ಚಿಕ್ಕ ಶಾಲೆಗಳೇ ಹೆಚ್ಚು. ಈ ಸಲ ಮಾಲೆ ಹಾಕಿಸಿಕೊಂಡ ಮುಖ್ಯ ಶಿಕ್ಷಕರನ್ನು ಮುಂದಿನ ವರ್ಷ ಅದೇ ಕಚೇರಿ ಕರೆಸಿ ಕಾರಣ ಕೇಳುವುದನ್ನು ನಾನು ಕಂಡಿದ್ದೇನೆ. ಎರಡೂ ವರ್ಷ ಅವರು ಕಲಿಸಿದ ರೀತಿ ಒಂದೇ ಆಗಿತ್ತು. ಒಂದೇ ವರ್ಷದ ಅಂಕ ನೋಡಿ ಬಹುಮಾನ ಕೊಡಬಾರದು, ಮೂರು ವರ್ಷಗಳನ್ನು ಕೂಡಿಸಿ ನೋಡಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಗೈರುಹಾಜರಿಯ ಬಗ್ಗೆ ಒಂದೇ ಮಾತು: ಭಾಗಿಸುವಾಗ ಕೆಳಗೆ ಇರಬೇಕಾದದ್ದು ದಾಖಲಾತಿ ಪುಸ್ತಕದ ಸಂಖ್ಯೆ. ಪರೀಕ್ಷೆಯ ದಿನ ಬಂದವರ ಸಂಖ್ಯೆಯನ್ನು ಇಟ್ಟರೆ, ಓದು ಬಾರದ ಮಗು ಅಂದು ಮನೆಯಲ್ಲಿದ್ದರೇ ಶಾಲೆಗೆ ಲಾಭ. ಅರ್ಥಶಾಸ್ತ್ರಜ್ಞ ಡೇವಿಡ್ ಫಿಗ್ಲಿಯೊ ಅಮೆರಿಕದ ಫ್ಲಾರಿಡಾದ ದಾಖಲೆಗಳಲ್ಲಿ ಕಂಡುಕೊಂಡದ್ದು ಇಂಥದ್ದೇ. ಒಂದೇ ಗಲಾಟೆಯಲ್ಲಿ ಸಿಕ್ಕಿಬಿದ್ದ ಇಬ್ಬರಲ್ಲಿ, ಪರೀಕ್ಷೆಯ ದಿನಗಳು ಹತ್ತಿರವಿದ್ದಾಗ, ಕಲಿಕೆಯಲ್ಲಿ ಹಿಂದಿರುವವನಿಗೆ ಶಾಲೆಯಿಂದ ಹೊರಗಿಡುವ ಶಿಕ್ಷೆ ಹೆಚ್ಚು ದಿನ ಬೀಳುತ್ತಿತ್ತು.

ಬಹುಮಾನ ಬಹಳ ದೊಡ್ಡದಾಗಿ, ಸೋಲಿನ ಬೆಲೆಯೂ ಅಷ್ಟೇ ದೊಡ್ಡದಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅಟ್ಲಾಂಟಾ ನಗರ ಸಾಕ್ಷಿ. 2009ರ ಪರೀಕ್ಷೆಗಳ ಕುರಿತ ತನಿಖಾ ವರದಿ 2011ರಲ್ಲಿ ಹೊರಬಂತು. 44 ಶಾಲೆಗಳಲ್ಲಿ 178 ಶಿಕ್ಷಕರು ಮತ್ತು ಮುಖ್ಯಸ್ಥರು ಉತ್ತರಗಳನ್ನು ತಿದ್ದುವುದರಲ್ಲಿ ಭಾಗಿಯಾಗಿದ್ದರು ಎಂದು ಅದು ಹೇಳಿತು. ಆ ಶಾಲೆಗಳ ಮಕ್ಕಳನ್ನೇ ನೆನೆದುಕೊಳ್ಳುತ್ತೇನೆ. ಅವರ ಉತ್ತರಪತ್ರಿಕೆ ಸರಿಯಾಗಿದೆ ಎಂದ ಮೇಲೆ ಅವರಿಗೆ ಓದು ಬಾರದೆಂದು ಗುರುತಿಸುವವರು ಯಾರು? ಹೆಚ್ಚುವರಿ ಪಾಠದ ಪಟ್ಟಿಗೆ ಅವರ ಹೆಸರೇ ಸೇರುವುದಿಲ್ಲ.

ಹಾಗಾದರೆ ಹಣ ಕೊಟ್ಟರೆ ಕಲಿಕೆ ಹೆಚ್ಚುತ್ತದೆಯೇ? ಪುರಾವೆಗಳು ಬೇರೆ ಬೇರೆ ಕಡೆ ಎಳೆಯುತ್ತವೆ, ಆ ಎಳೆತದಲ್ಲೇ ಕಲಿಯುವುದಿದೆ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಆಂಧ್ರಪ್ರದೇಶದ ಗ್ರಾಮೀಣ ಶಾಲೆಗಳಲ್ಲಿ ಮಕ್ಕಳ ಪ್ರಗತಿಗೆ ತಕ್ಕಂತೆ ಶಿಕ್ಷಕರಿಗೆ ಬೋನಸ್ ಕೊಡುವ ಪ್ರಯೋಗ ನಡೆಸಿದರು. ಸರಾಸರಿ ಬೋನಸ್ ವಾರ್ಷಿಕ ಸಂಬಳದ ಶೇಕಡಾ 3ರಷ್ಟು ಮಾತ್ರ. ಎರಡು ವರ್ಷಗಳಲ್ಲಿ ಗಣಿತದಲ್ಲೂ ಭಾಷೆಯಲ್ಲೂ ಸ್ಪಷ್ಟ ಏರಿಕೆ ಕಂಡಿತು, ಬೋನಸ್ ಇಲ್ಲದ ವಿಷಯಗಳಲ್ಲೂ ಮಕ್ಕಳು ಮುಂದೆ ಬಂದರು. ಶಿಕ್ಷಕರ ಹಾಜರಾತಿ ಹೆಚ್ಚಲಿಲ್ಲ, ಆದರೆ ಬಂದ ದಿನ ಹೆಚ್ಚು ಕಲಿಸಿದರು. ಕೆನ್ಯಾದಲ್ಲಿ ಪರೀಕ್ಷಾ ಫಲಿತಾಂಶ ನೋಡಿ ಶಿಕ್ಷಕರಿಗೆ ಬಹುಮಾನ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಅಂಕ ಏರಿತು, ಯೋಜನೆ ಮುಗಿದ ಮೇಲೆ ಆ ಗಳಿಕೆ ಉಳಿಯಲಿಲ್ಲ. ಹೆಚ್ಚಿದ್ದು ಪರೀಕ್ಷೆಗೆ ತಯಾರು ಮಾಡುವ ತರಗತಿಗಳು. ನ್ಯೂಯಾರ್ಕ್ ನಗರ 2007ರಿಂದ ಸುಮಾರು ಇನ್ನೂರು ಶಾಲೆಗಳಲ್ಲಿ, ಗುರಿ ಮುಟ್ಟಿದರೆ ಶಿಕ್ಷಕರೊಬ್ಬರಿಗೆ 3000 ಡಾಲರ್ ಲೆಕ್ಕದಲ್ಲಿ ಶಾಲೆಗೆ ಹಣ ಕೊಟ್ಟು ನೋಡಿತು. ಮಕ್ಕಳ ಕಲಿಕೆಯಲ್ಲಿ ಏರಿಕೆ ಕಾಣದೆ 2011ರಲ್ಲಿ ಯೋಜನೆಯನ್ನು ನಿಲ್ಲಿಸಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಟಾಂಜಾನಿಯಾದಲ್ಲೇ 350 ಶಾಲೆಗಳಲ್ಲಿ ನಡೆದ ಇನ್ನೊಂದು ಪ್ರಯೋಗ. ಒಂದು ಗುಂಪಿಗೆ ಅನುದಾನ ಮಾತ್ರ ಕೊಟ್ಟರು, ಅಂಕ ಅಲುಗಲಿಲ್ಲ. ಇನ್ನೊಂದಕ್ಕೆ ಫಲಿತಾಂಶದ ಮೇಲೆ ಪ್ರೋತ್ಸಾಹಧನ ಮಾತ್ರ ಕೊಟ್ಟರು, ಸಿಕ್ಕಿದ್ದು ಅಲ್ಪ. ಎರಡನ್ನೂ ಒಟ್ಟಿಗೆ ಪಡೆದ ಶಾಲೆಗಳಲ್ಲಿ ಎದ್ದು ಕಾಣುವಷ್ಟು ಕಲಿಕೆಯಾಯಿತು, ಅದು ಎರಡರ ಮೊತ್ತಕ್ಕಿಂತ ಹೆಚ್ಚಿತ್ತು. ಕಲಿಸಬೇಕೆಂಬ ಹುರುಪಿರುವ ಶಿಕ್ಷಕಿಗೆ ಕಪಾಟಿನಲ್ಲಿ ಓದಿಸಲು ಪುಸ್ತಕವೇ ಇಲ್ಲದಿದ್ದರೆ ಹುರುಪು ಏನು ಮಾಡೀತು? ಹಿಂದುಳಿದ ಶಾಲೆಗೆ ಸಾಮಗ್ರಿ ಮೊದಲು ತಲುಪಬೇಕು, ಬಹುಮಾನ ಆಮೇಲೆ. ಗೆದ್ದ ಶಾಲೆಗೇ ಎಲ್ಲವನ್ನೂ ಕೊಡುತ್ತಾ ಹೋದರೆ ಮುಂದಿನ ವರ್ಷವೂ ಅದೇ ಗೆಲ್ಲುತ್ತದೆ, ಅದರಿಂದ ನಾವು ಏನನ್ನೂ ಅರಿತಂತಾಗುವುದಿಲ್ಲ.

ಕಳೆದ ಸಲ ನಾನು ಶಿಫಾರಸು ಮಾಡಿದ ಶಾಲೆ ಒಟ್ಟು ಅಂಕದಲ್ಲಿ ಪಟ್ಟಿಯ ನಡುವೆ ಎಲ್ಲೋ ಇತ್ತು. ಆದರೆ ವರ್ಷದ ಮೊದಲಲ್ಲಿ ಅಕ್ಷರವೂ ಬಾರದಿದ್ದ ಒಂಬತ್ತು ಮಕ್ಕಳಲ್ಲಿ ಏಳು ಮಂದಿ ಹೊಸ ಪುಟದ ವಾಕ್ಯಗಳನ್ನು ಓದಿದರು. ಒಬ್ಬ ಹುಡುಗ ‘ಕತ್ತಲೆ’ ಎಂಬ ಪದದ ಮುಂದೆ ನಿಂತ. ಒತ್ತಕ್ಷರದ ಮೇಲೆ ಬೆರಳಿಟ್ಟು ‘ಕ’ ಎಂದ, ‘ತ’ ಎಂದ, ಸ್ವಲ್ಪ ಹೊತ್ತು ಸುಮ್ಮನಾದ, ಆಮೇಲೆ ಎರಡೂ ತಕಾರಗಳನ್ನು ಒತ್ತಿ ಪೂರಾ ಪದ ಹೇಳಿದ. ಓದಿದ್ದು ನಿಧಾನ, ರಾಗವೂ ಇರಲಿಲ್ಲ. ಬೆರಳು ಮತ್ತು ಬಾಯಿ ಮಾತ್ರ ಕೊನೆಯವರೆಗೂ ಒಂದೇ ಜಾಗದಲ್ಲಿದ್ದವು.

ಬಹುಮಾನವಾಗಿ ಏನು ಬೇಕು ಎಂದು ಮುಖ್ಯ ಶಿಕ್ಷಕಿಯನ್ನು ಕೇಳಿದೆ. ಅವರು ತಡಮಾಡದೆ ಉತ್ತರಿಸಿದರು: ‘ಒಂದನೇ ತರಗತಿಯ ನಮ್ಮ ಟೀಚರ್ ಅವರನ್ನು ಇನ್ನೆರಡು ವರ್ಷ ಅದೇ ತರಗತಿಯಲ್ಲಿ ಬಿಡಿ ಸರ್. ಚೆನ್ನಾಗಿ ಕಲಿಸುತ್ತಾರೆ ಎಂದು ಗೊತ್ತಾದ ಕೂಡಲೇ ಅವರನ್ನು ದೊಡ್ಡ ತರಗತಿಗೆ ಹಾಕಿ ಎನ್ನುತ್ತಾರೆ.’ ನಮೂನೆಯಲ್ಲಿ ಫಲಕ, ನಗದು, ಪ್ರಮಾಣಪತ್ರ ಎಂಬ ಮೂರು ಕಲಂಗಳಿದ್ದವು. ಅವರ ಮಾತನ್ನು ಷರಾ ಕಲಂನಲ್ಲಿ ಇದ್ದದ್ದು ಇದ್ದಂತೆ ಬರೆದು, ಕೆಳಗೆ ಸಹಿ ಮಾಡಿದೆ.