ಎಂಟು ಹಾಡು, ಎಂಟು ಥರದ ಗಿಟಾರ್: ಕಲಬುರಗಿಯ ಬ್ಯಾಂಡುಗಳ ಮೊದಲ ಆಲ್ಬಂ ಎಲ್ಲಿ ಸಿಕ್ಕಿಬೀಳುತ್ತದೆ?

ಸಿಂಗಲ್ (ಒಂದೊಂದೇ ಹಾಡಿನ ಬಿಡುಗಡೆ) ಹಿಂದೆ ಸಿಂಗಲ್ ಬರುತ್ತವೆ, ‘ಆಲ್ಬಂ ಬರ್ತದ’ ಅನ್ನುವ ಮಾತೂ ಬರುತ್ತದೆ. ಆಲ್ಬಂ ಮಾತ್ರ ತಡ. ರೊಕ್ಕದ ಕೊರತೆ, ಕೇಳುವವರ ಕೊರತೆ ಎನ್ನುವ ವಾದಗಳಿವೆ, ಸುಳ್ಳೇನಲ್ಲ. ಆದರೆ ಗಂಟು ಬಿದ್ದಿರುವುದು ಹೆಚ್ಚಾಗಿ ರೆಕಾರ್ಡಿಂಗ್ ಕೋಣೆಯಲ್ಲಿ.

1948ರಲ್ಲಿ ಬಂದ ದೊಡ್ಡ ಗ್ರಾಮಾಫೋನ್ ತಟ್ಟೆ, ಅಂದರೆ ಎಲ್‌ಪಿಯ ಒಂದು ಬದಿಗೆ ಸುಮಾರು 22 ನಿಮಿಷ ಹಿಡಿಯುತ್ತಿತ್ತು. ಆಲ್ಬಂನ ಅಳತೆ ಅಲ್ಲಿಂದ ಬಂತು. ಕ್ಯಾಸೆಟ್, ಸಿಡಿ ದಾಟಿ ಈಗ ಸ್ಟ್ರೀಮಿಂಗ್. ಕನ್ನಡ ನಾಡಿನಲ್ಲಿ 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್, ಮರುವರ್ಷ ಸ್ವರಾತ್ಮ ಬ್ಯಾಂಡುಗಳು ಮೊದಲ ಆಲ್ಬಂ ತಂದವು. ರಘು ದೀಕ್ಷಿತರ ಹಾಡಿನಿಂದ ಶಿಶುನಾಳ ಶರೀಫರ ಪದ ಗಿಟಾರಿಗೆ ಕೂಡುತ್ತದೆ ಎಂದು ಗೊತ್ತಾದ ಮೇಲೆ ನಮ್ಮ ಕಡೆಯವರ ಕಣ್ಣು ಇಲ್ಲಿನ ತತ್ವಪದಕಾರ ಕಡಕೋಳ ಮಡಿವಾಳಪ್ಪನವರತ್ತ ಹೋಗುವುದು ಸಹಜ.

ಮೊದಲ ತೊಡಕು ಅಲ್ಲೇ. ಆ ಪದ ಹಾಡುವ ಭಜನೆಯವರು ಕಾಳಿ ಎರಡರಲ್ಲಿ (ಹಾರ್ಮೋನಿಯಂನ ಎರಡನೇ ಕಪ್ಪು ಮನೆ) ಹಾಡಿದರೆ ಗಿಟಾರಿನಲ್ಲಿ ಸಿ ಸ್ವರಮೇಳದ ಬೆರಳ ಹಿಡಿತ (ಸಿ ಶೇಪ್) ಹಿಡಿದು ಮೂರನೇ ಫ್ರೆಟ್ಟಿಗೆ (ಕೊರಳ ಮೇಲಿನ ಲೋಹದ ಪಟ್ಟಿ) ಕೇಪೊ, ಅಂದರೆ ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್ಪು, ಹಾಕಿದರಾಯಿತು. ಆದರೆ ಹಳೇ ಹಾರ್ಮೋನಿಯಂ ಬಹಳ ಸಲ ಈಗಿನ ಶ್ರುತಿಯ ಅಳತೆಯಾದ 440 ಹರ್ಟ್ಸ್‌ಗೆ ಇರುವುದಿಲ್ಲ, ಅದರ ರೀಡು ತಿರುಗಿಸಿ ಸರಿಮಾಡಲು ಗಿಟಾರಿನ ಬಿರಡೆಯಲ್ಲ. ಆದ್ದರಿಂದ ಹಾರ್ಮೋನಿಯಂ ಪೆಟ್ಟಿಗೆಯನ್ನು ಮೊದಲು ರೆಕಾರ್ಡ್ ಮಾಡಿ, ಟ್ಯೂನರನ್ನು ಅದರ ಅಳತೆಗೆ ಇಟ್ಟು ಗಿಟಾರ್ ಕೂಡಿಸಬೇಕು. ಉಲ್ಟಾ ಮಾಡಿದವರು ಎರಡು ಸಲ ದುಡಿಯುತ್ತಾರೆ.

ಎರಡನೆಯದು ಬಿಸಿಲು. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಸದ್ದು ಬರುತ್ತದೆಂದು ಟೇಕ್ (ಒಂದು ಸಲದ ರೆಕಾರ್ಡಿಂಗ್) ಹೊತ್ತಿಗೆ ಎಸಿ ಬಂದ್ ಮಾಡುತ್ತಾರೆ. ಕೋಣೆ ಕಾದಂತೆ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ರಾಕ್‌ನಲ್ಲಿ ಅದೇ ರಿದಮ್ ಗಿಟಾರನ್ನು ಎರಡು ಸಲ ನುಡಿಸಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಡುವುದು ವಾಡಿಕೆ. ಒಂದರ ಶ್ರುತಿ ಹತ್ತು ಸೆಂಟ್ (ಅರ್ಧ ಸ್ವರದ ನೂರರಲ್ಲಿ ಹತ್ತು ಪಾಲು) ಇಳಿದರೂ ಎರಡೂ ಜಗಳಕ್ಕೆ ನಿಲ್ಲುತ್ತವೆ. ಪ್ರತಿ ಟೇಕಿಗೂ ಟ್ಯೂನ್ ಮಾಡಬೇಕು, ಬೇರೆ ದಾರಿಯಿಲ್ಲ. ಒಣಹವೆಗೆ ಫಿಂಗರ್‌ಬೋರ್ಡ್ ಕುಗ್ಗಿ ಫ್ರೆಟ್ಟಿನ ತುದಿ ಕೈಗೆ ಚುಚ್ಚುತ್ತದೆ. ಕೂಲರ್ ಎದುರು ಇಟ್ಟರೆ ಅದೇ ಮರ ತೇವ ಕುಡಿದು ಉಬ್ಬುತ್ತದೆ. ತೇವಾಂಶ 45ರಿಂದ 55 ಶೇಕಡಾ ಇದ್ದರೆ ಗಿಟಾರ್ ಸುಮ್ಮನಿರುತ್ತದೆ. ಮಳೆಗಾಲ ಮುಗಿದ ಅಕ್ಟೋಬರ್, ನವೆಂಬರಿನಲ್ಲಿ ಎಲ್ಲ ಹಾಡಿನ ಡ್ರಮ್ಸ್, ಬಾಸ್, ರಿದಮ್ ಒಟ್ಟಿಗೇ ಮುಗಿಸುವುದು ಜಾಣತನ. ಸಿಂಗಲ್ಲಿನ ಅವಸರದಲ್ಲಿ ಬೇಸಿಗೆಗೊಂದು, ಚಳಿಗೊಂದು ಹಾಡು ಮಾಡಿದರೆ ಕೊನೆಗೆ ಎಂಟು ಬ್ಯಾಂಡುಗಳ ಹಾಗೆ ಕೇಳಿಸುತ್ತದೆ.

ಮನೆಯಲ್ಲೇ ರೆಕಾರ್ಡ್ ಮಾಡುವಾಗ ನೆಲ ಶಹಾಬಾದ್ ಕಲ್ಲಿನದಾದರೆ ಸ್ನೇರ್ ಡ್ರಮ್ಮಿನ ಪೆಟ್ಟು ಗೋಡೆಗೋಡೆಗೆ ಜಿಗಿಯುತ್ತದೆ. ಅದಕ್ಕೆ ನೆಲಕ್ಕೆ ಜಮಖಾನೆ, ಗೋಡೆಯಿಂದ ನಾಲ್ಕು ಇಂಚು ಬಿಟ್ಟು ದಪ್ಪ ಕೌದಿ ಹಾಕಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಗುಂಯ್ ಎನ್ನುವ ಸದ್ದು ಬರುತ್ತದೆ. ಅದನ್ನು ತಪ್ಪಿಸಲು ಗಿಟಾರ್ ಆಂಪ್ಲಿಫೈಯರಿನ ಅರ್ಥ್ ಪಿನ್ ಮುರಿಯುವ ರೂಢಿ ಜೀವಕ್ಕೇ ಕುತ್ತು: ಕೈ ಗಿಟಾರಿನ ತಂತಿ ಮೇಲಿದ್ದು ತುಟಿ ಮೈಕಿಗೆ ತಾಗಿದರೆ ಶಾಕ್.

ಇನ್ನು ಲೆಕ್ಕದ ಮಾತು. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದ ಹಾಡಿನ ರೆಕಾರ್ಡಿಂಗಿಗೆ ರಾಯಲ್ಟಿ ಇಲ್ಲ. ಸಿಂಗಲ್ಲನ್ನೇ ಆಲ್ಬಂಗೆ ಹಾಕುವಾಗ ಹಳೆಯ ಐಎಸ್‌ಆರ್‌ಸಿ ಸಂಖ್ಯೆಯನ್ನೇ (ಪ್ರತಿ ರೆಕಾರ್ಡಿಂಗಿಗಿರುವ ಗುರುತಿನ ಸಂಖ್ಯೆ) ಕೊಡಬೇಕು, ಇಲ್ಲವಾದರೆ ಎಣಿಕೆ ಸೊನ್ನೆಯಿಂದ ಶುರುವಾಗಬಹುದು. ಹೊಸದಾಗಿ ನುಡಿಸಿದರೆ ಹೊಸ ಸಂಖ್ಯೆ ತಪ್ಪದು. ಹೀಗಾಗಿ ಎಣಿಕೆ ಉಳಿಸಿಕೊಳ್ಳಲು ಬೇಸಿಗೆಯ ಆ ಒಡಕು ಟೇಕನ್ನೇ ಆಲ್ಬಂಗೆ ಸೇರಿಸುತ್ತಾರೆ. ನಾಲ್ಕೈದು ನೂರು ಕೇಳ್ವಿಕೆಗಾಗಿ ಅಷ್ಟು ಜೋಪಾನ ಬೇಕಿಲ್ಲ, ಮತ್ತೆ ನುಡಿಸಬಹುದು.