ಐವತ್ತು ದಾಟಿದ ಮೇಲೆ ಮೈಟೋಕಾಂಡ್ರಿಯಾ ಮತ್ತೆ ಬೆಳೆಯುತ್ತವಾ?

ಓದುಗರ ಪ್ರಶ್ನೆ: ನನಗೆ 54 ವರ್ಷ. ಶಿಡ್ಲಘಟ್ಟದಲ್ಲಿ ಅಂಗಡಿ ಇದೆ. ಬೆಳಗ್ಗೆ ಎಂಟಕ್ಕೆ ಕೂತರೆ ರಾತ್ರಿ ಒಂಬತ್ತಕ್ಕೆ ಏಳೋದು. ಈಚೆಗೆ ಮೂರು ತಿಂಗಳ ಸರಾಸರಿ ಶುಗರ್ 6.1 ಬಂದಿದೆ. ಒಂದು ಮಹಡಿ ಹತ್ತಿದರೆ ಏದುಸಿರು. ವಯಸ್ಸಾದಂತೆ ಮೈಟೋಕಾಂಡ್ರಿಯಾ ಸಾಯ್ತಾ ಹೋಗ್ತವೆ, ಸುಸ್ತು, ಶುಗರ್ ಎಲ್ಲಾ ಅದಕ್ಕೇ ಅಂತ ಪರಿಚಯದವರೊಬ್ಬರು ಒಂದು ಮಾತ್ರೆ ಡಬ್ಬಿ ಕೊಟ್ಟಿದ್ದಾರೆ. ತಗೋಬಹುದಾ? ಹೋದ ಮೈಟೋಕಾಂಡ್ರಿಯಾ ಮತ್ತೆ ಬರುತ್ತವಾ?

ಬರುತ್ತವೆ. ಮೈಟೋಕಾಂಡ್ರಿಯಾ ಅಂದರೆ ನಮ್ಮ ಜೀವಕೋಶಗಳ ಒಳಗೆ ಊಟದಿಂದ ಶಕ್ತಿ ತಯಾರಿಸುವ ಪುಟ್ಟ ಒಲೆಗಳು. ಅವು 54ರಲ್ಲೂ ಬರುತ್ತವೆ, 74ರಲ್ಲೂ ಬರುತ್ತವೆ. ಆದರೆ ಡಬ್ಬಿಯಿಂದ ಬರುವುದಿಲ್ಲ. ನಿಮ್ಮ ತೊಡೆಯ ಸ್ನಾಯುವಿಗೆ ಕೆಲಸ ಬಿದ್ದರೆ ಬರುತ್ತವೆ.

ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ವರ್ಷಕ್ಕೆ ಒಂದು ದಿನ ಲ್ಯಾಬಿನಲ್ಲಿ ಅವರಿಗೆ ಅವರದೇ ಮೈಟೋಕಾಂಡ್ರಿಯಾ ತೋರಿಸುತ್ತೇನೆ. ಕೆನ್ನೆಯ ಒಳಗೆ ಮೆಲ್ಲಗೆ ಕೆರೆದು, ಸಿಕ್ಕಿದ್ದನ್ನು ಸ್ಲೈಡಿಗೆ ಸವರಿ, ಜೇನಸ್ ಗ್ರೀನ್ ಅನ್ನುವ ಬಣ್ಣದ ಒಂದು ಹನಿ ಬಿಟ್ಟು ಕಾಯಬೇಕು. ಜೀವಕೋಶದ ಬೇರೆ ಕಡೆಯೆಲ್ಲ ಬಣ್ಣ ಮಾಸಿಹೋಗುತ್ತದೆ. ಮೈಟೋಕಾಂಡ್ರಿಯಾ ಇರುವಲ್ಲಿ ಮಾತ್ರ ನೀಲಿ ಹಸಿರು ಚುಕ್ಕಿಗಳು ಉಳಿಯುತ್ತವೆ, ಯಾಕೆಂದರೆ ಅಲ್ಲಿ ಆಮ್ಲಜನಕದ ಕೆಲಸ ಇನ್ನೂ ನಡೆಯುತ್ತಿದೆ. ಗಾಜಿನ ಕೆಳಗೆ ಆಮ್ಲಜನಕ ಮುಗಿದ ಹಾಗೆ ಆ ಚುಕ್ಕಿಗಳೂ ಮಂಕಾಗುತ್ತವೆ. ಒಂದು ಸಲ ಒಬ್ಬ ಹುಡುಗಿ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಕೇಳಿದಳು: "ಮಿಸ್, ಇದು ನಂದಾ, ನಮ್ಮಮ್ಮಂದಾ?" ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ! ಮೈಟೋಕಾಂಡ್ರಿಯಾ ನಮಗೆ ಬರುವುದು ತಾಯಿಯಿಂದಲೇ. ಅದಕ್ಕೆ ಅದರದೇ ಡಿಎನ್ಎ ಇದೆ, ಉಂಗುರದ ಹಾಗೆ ದುಂಡಗೆ, ಬರೀ 37 ಜೀನ್.

ಅದು ಮಾಡುವ ಕೆಲಸ ಕೆರೆ ನೋಡಿ ಬೆಳೆದ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಮೈಟೋಕಾಂಡ್ರಿಯಾದ ಒಳಪೊರೆಯನ್ನು ಕೆರೆಯ ಏರಿ ಅಂದುಕೊಳ್ಳಿ. ನೀವು ತಿಂದ ಮುದ್ದೆಯಿಂದ ಸಿಕ್ಕ ಶಕ್ತಿ ಹೈಡ್ರೋಜನ್ ಅಯಾನುಗಳನ್ನು ಏರಿಯ ಒಂದು ಬದಿಗೆ ತಳ್ಳಿ ತುಂಬಿಸುತ್ತದೆ. ಅವು ವಾಪಸ್ ಬರಲು ಒತ್ತುತ್ತವೆ. ಬರಲು ದಾರಿ ತೂಬು ಒಂದೇ. ಆ ತೂಬಿನಲ್ಲಿ ಒಂದು ಚಕ್ರವಿದೆ. ಅಯಾನುಗಳು ಹರಿದರೆ ಚಕ್ರ ತಿರುಗುತ್ತದೆ, ತಿರುಗಿದರೆ ಎಟಿಪಿ ತಯಾರಾಗುತ್ತದೆ. ಕೈ ಎತ್ತಲಿಕ್ಕೂ ಯೋಚನೆ ಮಾಡಲಿಕ್ಕೂ ಮೈ ಖರ್ಚು ಮಾಡುವುದು ಈ ಎಟಿಪಿಯನ್ನೇ. 1961ರಲ್ಲಿ ಪೀಟರ್ ಮಿಚೆಲ್ ಹೀಗೆ ಅಂದಾಗ ಬಹಳ ಜನ ಒಪ್ಪಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಬಂತು. ದಿನಕ್ಕೆ ನಾವು ಹೆಚ್ಚುಕಮ್ಮಿ ನಮ್ಮ ತೂಕದಷ್ಟೇ ಎಟಿಪಿ ಮಾಡಿ ಖರ್ಚು ಮಾಡುತ್ತೇವೆ.

ಈಗ ಅಂಗಡಿಯಲ್ಲಿ ಕೂತ ನಿಮ್ಮ ವಿಷಯ. ಊಟ ಆಗಿದೆ, ಕೆರೆ ತುಂಬಿದೆ. ಆದರೆ ಗದ್ದೆಗೆ ನೀರು ಕೇಳುವವರೇ ಇಲ್ಲ. ಖರ್ಚೇ ಇಲ್ಲದಿದ್ದರೆ ಚಕ್ರ ನಿಧಾನವಾಗುತ್ತದೆ, ಹಿಂದೆ ಎಲ್ಲ ಕಟ್ಟಿಕೊಳ್ಳುತ್ತದೆ. ಅಲ್ಲಿಂದ ಒಂದಿಷ್ಟು ಎಲೆಕ್ಟ್ರಾನುಗಳು ಸೋರಿ ಆಮ್ಲಜನಕದ ಜೊತೆ ಸೇರಿ ಅಕ್ಕಪಕ್ಕದ್ದನ್ನು ಕೆಡಿಸಬಲ್ಲ ಕಣಗಳು, ಅಂದರೆ ಫ್ರೀ ರ‍್ಯಾಡಿಕಲ್ ಆಗುತ್ತವೆ. ಉರಿಯದೆ ಉಳಿದ ಕೊಬ್ಬು ಸ್ನಾಯುವಿನೊಳಗೇ ಸೇರಿಕೊಳ್ಳುತ್ತದೆ. ಹೀಗೆ ಸೇರಿದ ಕೊಬ್ಬು ಇನ್ಸುಲಿನ್ ಮಾತು ಕೇಳದ ಹಾಗೆ ಸ್ನಾಯುವನ್ನು ಮಾಡುತ್ತದೆ ಅನ್ನುವುದು ಬಲವಾದ ಒಂದು ವಿವರಣೆ. 2003ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ವಯಸ್ಸಾದವರನ್ನೂ ಯುವಕರನ್ನೂ ಹೋಲಿಸಿ ನೋಡಿದರು. ಎರಡೂ ಗುಂಪಿನವರು ತೆಳ್ಳಗಿದ್ದವರೇ. ಆದರೂ ಹಿರಿಯರ ಸ್ನಾಯುವಿನಲ್ಲಿ ಮೈಟೋಕಾಂಡ್ರಿಯಾದ ಕೆಲಸ ಶೇ. 40ರಷ್ಟು ಕಡಿಮೆ ಇತ್ತು. ಅವರ ಸ್ನಾಯುವಿನಲ್ಲೂ ಲಿವರಿನಲ್ಲೂ ಕೊಬ್ಬು ಜಾಸ್ತಿ ಇತ್ತು.

ಹಾಗಾದರೆ ನಿಮ್ಮ ಪರಿಚಯದವರು ಹೇಳಿದ್ದು ಸರಿಯೇ? ಅರ್ಧ ಸರಿ. ಮೈಟೋಕಾಂಡ್ರಿಯಾ ಕೆಟ್ಟರೆ ಮುಪ್ಪು ಬೇಗ ಬರುತ್ತದೆ ಅನ್ನುವುದು ನಿಜ. 2004ರಲ್ಲಿ ಸ್ವೀಡನ್ನಿನಲ್ಲಿ ಮೈಟೋಕಾಂಡ್ರಿಯಾದ ಡಿಎನ್ಎಯನ್ನು ತಪ್ಪುತಪ್ಪಾಗಿ ನಕಲು ಮಾಡುವ ಇಲಿಗಳನ್ನು ತಯಾರಿಸಿದರು. ಆ ಇಲಿಗಳಿಗೆ ಚಿಕ್ಕ ವಯಸ್ಸಿನಲ್ಲೇ ಕೂದಲು ಉದುರಿತು, ಮೂಳೆ ಸವೆಯಿತು, ಆಯಸ್ಸೂ ಕಡಿಮೆಯಾಯಿತು. ಆದರೆ "ಶುಗರ್ ಬರುವುದಕ್ಕೆ ಅದೇ ಕಾರಣ" ಅನ್ನುವ ಮಾತು ನಮ್ಮವರ ಮಟ್ಟಿಗೆ ಅಷ್ಟು ಸಲೀಸಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನ ಶ್ರೀಕುಮಾರನ್ ನಾಯರ್ ಮತ್ತು ಜೊತೆಗಾರರು 2008ರಲ್ಲಿ ಅಲ್ಲಿನ ಭಾರತೀಯರ ಸ್ನಾಯುವನ್ನು ಪರೀಕ್ಷಿಸಿದರು. ಯುರೋಪ್ ಮೂಲದವರಿಗಿಂತ ನಮ್ಮವರ ಮೈಟೋಕಾಂಡ್ರಿಯಾ ಎಟಿಪಿ ಮಾಡುವುದರಲ್ಲಿ ಜೋರಾಗಿಯೇ ಇದ್ದವು. ಆದರೆ ಇನ್ಸುಲಿನ್ ಮಾತ್ರ ನಮ್ಮವರಲ್ಲಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಶುಗರ್ ಇದ್ದ ಭಾರತೀಯರಿಗೂ ಇಲ್ಲದ ಭಾರತೀಯರಿಗೂ ಮೈಟೋಕಾಂಡ್ರಿಯಾದಲ್ಲಿ ವ್ಯತ್ಯಾಸವೇ ಸಿಗಲಿಲ್ಲ! ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ನಮ್ಮ ಒಲೆ ಚೆನ್ನಾಗಿಯೇ ಇದೆ, ಅದಕ್ಕೆ ಕೆಲಸ ಕೊಡುತ್ತಿಲ್ಲ ಅಷ್ಟೇ ಅಂತ ನಾನು ಅದನ್ನು ಓದಿಕೊಳ್ಳುತ್ತೇನೆ.

ಇನ್ನು ಆ ಮಾತ್ರೆ. ಡಬ್ಬಿಯ ಮೇಲೆ ಏನಿದೆ ಅಂತ ನೀವು ಬರೆದಿಲ್ಲ. ಇಂಥವುಗಳಲ್ಲಿ ಸಾಮಾನ್ಯವಾಗಿ ಕೋಎನ್‌ಜೈಮ್ ಕ್ಯೂ10, ಜೊತೆಗೆ ಸಿ, ಇ ವಿಟಮಿನ್ ಜಾಸ್ತಿ ಪ್ರಮಾಣದಲ್ಲಿ ಇರುತ್ತವೆ. ಕ್ಯೂ10 ಹುಟ್ಟಿನಿಂದಲೇ ಕೊರತೆ ಇರುವ ಅಪರೂಪದ ಕಾಯಿಲೆಯವರಿಗೆ ನಿಜವಾಗಿ ಔಷಧಿ. ನಿಮ್ಮ ಏದುಸಿರಿಗೆ ಅಲ್ಲ. ವಿಟಮಿನ್ ವಿಷಯದಲ್ಲಂತೂ ಜರ್ಮನಿಯಲ್ಲಿ 2009ರಲ್ಲಿ ಒಂದು ಪ್ರಯೋಗ ನಡೆಯಿತು. ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು, ಅರ್ಧ ಜನಕ್ಕೆ ದಿನಾ 1000 ಮಿಲಿಗ್ರಾಂ ವಿಟಮಿನ್ ಸಿ ಮತ್ತು ಜೊತೆಗೆ ವಿಟಮಿನ್ ಇ ಕೊಟ್ಟರು. ಮಾತ್ರೆ ನುಂಗದವರಲ್ಲಿ ಇನ್ಸುಲಿನ್ ಕೆಲಸ ಸುಧಾರಿಸಿತು. ನುಂಗಿದವರಲ್ಲಿ ಸುಧಾರಿಸಲಿಲ್ಲ. ವ್ಯಾಯಾಮದಲ್ಲಿ ಹುಟ್ಟುವ ಒಂದಿಷ್ಟು ಫ್ರೀ ರ‍್ಯಾಡಿಕಲ್ಲೇ "ಇನ್ನಷ್ಟು ಮೈಟೋಕಾಂಡ್ರಿಯಾ ಬೇಕು" ಅಂತ ಜೀವಕೋಶಕ್ಕೆ ಹೇಳುವ ಸುದ್ದಿ. ಮಾತ್ರೆ ಆ ಸುದ್ದಿಯನ್ನೇ ಅಳಿಸಿಬಿಡುತ್ತದೆ. ಸೀಬೆಹಣ್ಣು, ನೆಲ್ಲಿಕಾಯಿ ತಿನ್ನಲು ಹೆದರಬೇಡಿ, ನಾನು ಹೇಳುತ್ತಿರುವುದು ದೊಡ್ಡ ಡೋಸಿನ ಮಾತ್ರೆ ಬಗ್ಗೆ.

ಕೆಲಸ ಕೊಟ್ಟರೆ ಏನಾಗುತ್ತದೆ ಅನ್ನುವುದು 1967ರಿಂದಲೇ ಗೊತ್ತು. ಜಾನ್ ಹೊಲೊಝಿ ಅನ್ನುವವರು ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಅವುಗಳ ಕಾಲಿನ ಸ್ನಾಯುವಿನಲ್ಲಿ ಮೈಟೋಕಾಂಡ್ರಿಯಾದ ಕಿಣ್ವಗಳು ಹೆಚ್ಚುಕಮ್ಮಿ ಎರಡರಷ್ಟಾದವು. ಮನುಷ್ಯರಲ್ಲಿ ನನಗೆ ಬಹಳ ಇಷ್ಟವಾದದ್ದು 2017ರಲ್ಲಿ ಅದೇ ಮೇಯೋ ಕ್ಲಿನಿಕ್‌ನಿಂದ ಬಂದ ಫಲಿತಾಂಶ. ಅವರು ವ್ಯಾಯಾಮದ ಅಭ್ಯಾಸವೇ ಇಲ್ಲದವರನ್ನು ಆರಿಸಿಕೊಂಡರು. 12 ವಾರ ಸೈಕಲ್ ತುಳಿಸಿದರು, ನಾಲ್ಕು ನಿಮಿಷ ಜೋರಾಗಿ, ಆಮೇಲೆ ಸ್ವಲ್ಪ ನಿಧಾನ, ಮತ್ತೆ ಜೋರಾಗಿ. ಯುವಕರಲ್ಲಿ ಮೈಟೋಕಾಂಡ್ರಿಯಾದ ಸಾಮರ್ಥ್ಯ ಶೇ. 49 ಏರಿತು. 65ರಿಂದ 80ರ ವಯಸ್ಸಿನವರಲ್ಲಿ ಶೇ. 69 ಏರಿತು! ನೀವು 54. ವ್ಯಾಯಾಮ ಹೊಸದನ್ನು ಹುಟ್ಟಿಸುವುದಷ್ಟೇ ಅಲ್ಲ, ಕೆಟ್ಟು ಕೂತ ಹಳೆಯವನ್ನು ಜೀವಕೋಶವೇ ಒಡೆದು ತೆಗೆಯುವ ಕೆಲಸಕ್ಕೂ ಚುರುಕು ಕೊಡುತ್ತದೆ. ಕೆರೆಯ ಹೂಳು ಎತ್ತಿದ ಹಾಗೆ.

ಆದರೆ ನಾಳೆಯೇ ನಂದಿಬೆಟ್ಟ ಹತ್ತಲು ಹೊರಡಬೇಡಿ. ಒಂದು ಮಹಡಿಗೇ ಏದುಸಿರು ಅಂದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಬಿಪಿ, ಇಸಿಜಿ ನೋಡಲಿ, ರಕ್ತಹೀನತೆ, ಥೈರಾಯ್ಡ್, ಬಿ12 ನೋಡಲಿ. ಎಷ್ಟೋ ಜನಕ್ಕೆ ಸುಸ್ತಿನ ಕಾರಣ ಅಲ್ಲೇ ಸಿಗುತ್ತದೆ. ಮುಂದೆ ಅವರು ಶುಗರ್ ಮಾತ್ರೆ ಬರೆದುಕೊಟ್ಟರೆ ಅದನ್ನು ನೀವಾಗೇ ನಿಲ್ಲಿಸಬೇಡಿ.

ಅವರು ಒಪ್ಪಿದ ಮೇಲೆ ಊಟದಿಂದ ಶುರು ಮಾಡಿ. ಮಧ್ಯಾಹ್ನ ಊಟವಾದ ತಕ್ಷಣ ಅಂಗಡಿ ಬೀದಿಯಲ್ಲಿ ಹತ್ತು ಹದಿನೈದು ನಿಮಿಷ ನಡೆಯಿರಿ, ರಾತ್ರಿಯೂ ಹಾಗೇ. ಸ್ನಾಯು ದುಡಿಯುತ್ತಿರುವಾಗ ಇನ್ಸುಲಿನ್ ಸಹಾಯವಿಲ್ಲದೆಯೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಅಂಗಡಿಯಲ್ಲಿ ಗಂಟೆಗೊಮ್ಮೆ ಸ್ಟೂಲಿನಿಂದ ಹತ್ತು ಸಲ ಎದ್ದು ಕೂರಿ, ಕೈ ಊರದೆ. ಎರಡು ಮೂರು ವಾರ ಕಳೆದ ಮೇಲೆ ಬೆಳಗಿನ ನಡಿಗೆಯಲ್ಲಿ ಎರಡು ನಿಮಿಷ ಬಿರುಸಾಗಿ, ಮೂರು ನಿಮಿಷ ನಿಧಾನವಾಗಿ ಹೀಗೆ ನಾಲ್ಕೈದು ಸಲ ಮಾಡಿ. ಬಿರುಸಾಗಿ ಅಂದರೆ ಪಕ್ಕದವರ ಜೊತೆ ಒಂದೆರಡು ಮಾತು ಆಡಬಹುದು, ಕಥೆ ಹೇಳಲು ಆಗಬಾರದು, ಅಷ್ಟು.

ಮೂರು ತಿಂಗಳು ಮಾಡಿ, ಮತ್ತೆ ಆ ಸರಾಸರಿ ಶುಗರ್ ಪರೀಕ್ಷೆ ಮಾಡಿಸಿ. ಮೂರು ತಿಂಗಳು ಅನ್ನುವುದಕ್ಕೆ ಕಾರಣ ಇದೆ. ಆ ಪರೀಕ್ಷೆ ನೋಡುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು, ಆ ಕಣ ಬದುಕುವುದು ಸುಮಾರು 120 ದಿನ. ಕೆಂಪು ಕಣದಲ್ಲಿ ಮೈಟೋಕಾಂಡ್ರಿಯಾ ಒಂದೂ ಇಲ್ಲ. ತಾನು ಹೊತ್ತ ಆಮ್ಲಜನಕವನ್ನು ತಾನು ಮುಟ್ಟದೆ ನಿಮ್ಮ ತೊಡೆಯ ಸ್ನಾಯುವಿಗೆ ತಲುಪಿಸುತ್ತದೆ. ರಿಪೋರ್ಟ್ ಬಂದ ದಿನ ಅದೇ ಮಹಡಿ ಮೆಟ್ಟಿಲನ್ನೂ ಒಂದು ಸಲ ಹತ್ತಿ ನೋಡಿ, ಎರಡನ್ನೂ ನನಗೆ ಬರೆದು ತಿಳಿಸಿ.