ಎಲೆ ಕರಕಲು, ಬಂಗುಡೆ ಹಸಿ: ಹೀಗೇಕಾಗುತ್ತದೆ?

ಪ್ರಶ್ನೆ: ಅಂಕೋಲಾ ಕಡೆ ಕಡಲತೀರದಲ್ಲಿ ಟೆಂಟ್ ಹಾಕಿ, ಬಾಳೆಎಲೆಯಲ್ಲಿ ಬಂಗುಡೆ ಸುಟ್ಟೆವು. ಎಲೆ ಕರಕಲಾಯಿತು, ಮೀನು ಮುಳ್ಳಿನ ಹತ್ತಿರ ಹಸಿಯಾಗೇ ಉಳಿಯಿತು. ಎಲ್ಲಿ ತಪ್ಪಿತು?

ಉತ್ತರ: ಉರಿ ಏಳುತ್ತಿರುವಾಗಲೇ ಪೊಟ್ಟಣ ಇಟ್ಟಿರಬೇಕು. ಈ ಅಡುಗೆಯಲ್ಲಿ ಮೀನನ್ನು ಬೇಯಿಸುವುದು ಎಲೆಯೊಳಗಿನ ಹಬೆ. ಉರಿಗೆ ಎಲೆ ಒಂದೆರಡು ನಿಮಿಷದಲ್ಲೇ ಸುಟ್ಟು ಬಿರಿಯುತ್ತದೆ, ಹಬೆ ಹೊರಗೆ ಹೋಗುತ್ತದೆ, ಮೇಲ್ಭಾಗ ಒಣಗಿ ಒಳಭಾಗ ಹಸಿ ಉಳಿಯುತ್ತದೆ.

ಕೆಂಡಕ್ಕೆ ನಮ್ಮ ಕರಾವಳಿಯಲ್ಲಿ ತೆಂಗಿನ ಗರಟೆಯಷ್ಟು ಒಳ್ಳೆಯದು ಬೇರೆ ಇಲ್ಲ. ನಾಲ್ಕು ಮೀನಿಗೆ 15–20 ಒಣ ಹೋಳು ಬೇಕು. ಸಿಪ್ಪೆಯನ್ನು ಬೆಂಕಿ ಹೊತ್ತಿಸಲು ಮಾತ್ರ ಬಳಸಿ, ಅದರ ಹೊಗೆ ಮೀನಿಗೆ ಹಿಡಿದರೆ ಕಹಿ. ಉರಿ ಪೂರ್ತಿ ತಗ್ಗಿ ಬಿಳಿ ಬೂದಿ ಕಟ್ಟುವವರೆಗೆ ಕಾಯಿರಿ. ಕೆಂಡದಿಂದ ನಾಲ್ಕು ಇಂಚು ಮೇಲೆ ಅಂಗೈ ಹಿಡಿದರೆ ನಾಲ್ಕೈದು ಸೆಕೆಂಡು ತಾಳುವಂತಿರಬೇಕು, ಜಾಲರಿಯನ್ನೂ ಅಷ್ಟೇ ಎತ್ತರಕ್ಕೆ ಇಡಿ.

ಕೆಂಡವನ್ನು ನೇರ ಮರಳಿನ ಮೇಲೆ ಹರಡಬೇಡಿ. ಅಡಿಯ ತೇವ ಬಿಸಿಯನ್ನು ಹೀರುತ್ತದೆ. ಎರಡು ಹಳೇ ಹೆಂಚು ಹಾಸಿಕೊಳ್ಳಿ. ಸಂಜೆಯ ಗಾಳಿ ಕಡಲ ಕಡೆಯಿಂದ ಬೀಸಿ ಒಂದೇ ಬದಿಯ ಕೆಂಡವನ್ನು ಕೆರಳಿಸುತ್ತದೆ, ಹಾಗಾಗಿ ಆ ಬದಿಗೆ ಒಣ ಚಿರೇಕಲ್ಲು ಅಡ್ಡ ಇಡಿ. ಹಳ್ಳದ ಕಲ್ಲು ಬೇಡವೇ ಬೇಡ: ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ಗಾಳಿಮರದ ತೋಪಿನೊಳಗೂ ಬೆಂಕಿ ಹಾಕಬಾರದು, ಉದುರಿದ ಎಲೆ ಕಿಡಿಗೆ ಕಾದಿರುತ್ತದೆ. ಬೆಂಕಿಗೆ ಅನುಮತಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಮಸಾಲೆ ಮನೆಯಲ್ಲೇ ರುಬ್ಬಿ ತನ್ನಿ: 8 ಬ್ಯಾಡಗಿ ಮೆಣಸು, 6 ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಅರಿಶಿನ, ನೆನೆಸಿದ 5 ಮುರುಗಲು (ಪುನರ್ಪುಳಿ) ಸಿಪ್ಪೆ, ಒಂದು ಚಮಚ ಉಪ್ಪು, ಎರಡು ಚಮಚ ಕೊಬ್ಬರಿ ಎಣ್ಣೆ. ಮೀನಡುಗೆಗೆ ಬಳಸುವ ಘಮದ ಕಾಯಿ ತಿರ್ಫಲ ಹಾಕುವುದಾದರೆ ಕಪ್ಪು ಬೀಜ ತೆಗೆದು ಸಿಪ್ಪೆ ಮಾತ್ರ ಜಜ್ಜಿ. ಮಸಾಲೆ ಗಟ್ಟಿಯಾಗಿರಲಿ, ನೀರಾದರೆ ಮಡಿಕೆಯಲ್ಲಿ ಸೋರಿ ಕೆಂಡ ಆರುತ್ತದೆ. ಮೀನಿಗೆ ಎರಡೂ ಬದಿ ಮುಳ್ಳು ತಾಗುವವರೆಗೆ ಮೂರು ಗೀರು ಹಾಕಿ. ಈ ಗೀರಿಲ್ಲದಿದ್ದರೆ ಒಳಗೆ ಬೇಯುವುದು ತಡ.

ಎಲೆಯ ದಿಂಡು ತೆಗೆದು ಕೆಂಡದ ಮೇಲೆ ಬಾಡಿಸಿ. ಬಣ್ಣ ಕಡುವಾಗಿ ಹೊಳಪು ಬಂದರೆ ಮಡಚುವಾಗ ಸೀಳುವುದಿಲ್ಲ. ಎರಡು ಪದರ ಸುತ್ತಿ, ಒದ್ದೆ ಬಾಳೆನಾರಿನಿಂದ ಕಟ್ಟಿ, ಒಂದೊಂದು ಬದಿ ಏಳೆಂಟು ನಿಮಿಷ ಇಡಿ. ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ಸುಲಭವಾಗಿ ಬಿಟ್ಟರೆ ಬೆಂದಿದೆ. ಅಂಟಿಕೊಂಡಿದ್ದರೆ ಮತ್ತೆ ಮೂರು ನಿಮಿಷ.

ಬಂಗುಡೆಯ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಲೇಬೇಕು. ಬಿಸಿಲಲ್ಲಿ ಇಟ್ಟ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ತರುವ ವಸ್ತು ಹೆಚ್ಚುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ, ತಲೆನೋವು, ವಾಂತಿ ಬರಬಹುದು. ಕಾರವಾರದ ಪೇಟೆಯಲ್ಲಿ ಕೊಂಡ ಕೂಡಲೇ ಮೀನಿನಷ್ಟೇ ತೂಕದ ಐಸಿನಲ್ಲಿ ಹೂತಿಡಿ, ಕರಗಿದ ನೀರು ಬಸಿಯುತ್ತಿರಿ. ಜೂನ್–ಜುಲೈ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ತಾಜಾ ಬಂಗುಡೆ ಸಿಗುವುದು ಕಷ್ಟ.

ಮೀನು ಇಳಿಸಿದ ಮೇಲೆ ಸಣ್ಣ ಕುಮಟಾ ಈರುಳ್ಳಿಗಳನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಹುಗಿಸಿ, ಕಾಲು ಗಂಟೆಯಲ್ಲಿ ಸಿಹಿಯಾಗಿ ಮೆತ್ತಗಾಗುತ್ತವೆ. ಕೊನೆಗೆ ಕೆಂಡವನ್ನು ಮರಳಲ್ಲಿ ಮುಚ್ಚಬೇಡಿ. ಅದು ಗಂಟೆಗಟ್ಟಲೆ ಒಳಗೇ ಬಿಸಿಯಾಗಿದ್ದು, ಬರಿಗಾಲಲ್ಲಿ ಬಂದವರನ್ನು ಸುಡುತ್ತದೆ. ನೀರು ಸುರಿದು, ಕೆದಕಿ, ಮತ್ತೆ ಸುರಿಯಿರಿ.